ಪ್ಯಾಕ್‌ಮನ್ ಕಪ್ಪೆ ಐದು ವಾರದಿಂದ ಊಟ ಬಿಟ್ಟಿದೆ, ಬಾಯಿ ಬಿಡಿಸಿ ತಿನ್ನಿಸಬಹುದಾ?

ಗುಂಡಣ್ಣನಮನೆ (ಮಿಷಿಗನ್)

ನಮಸ್ಕಾರ. ನಮ್ಮ ಗುಂಡಣ್ಣ ಪ್ಯಾಕ್‌ಮನ್ ಕಪ್ಪೆ (ದೊಡ್ಡ ಬಾಯಿಯ ಸಾಕು ಕಪ್ಪೆ), ಕ್ರಾನ್‌ವೆಲ್ ಜಾತಿ, ಎರಡು ವರ್ಷದ್ದು, ಅಂಗೈ ತುಂಬುವಷ್ಟು ದಪ್ಪ. ಅಕ್ಟೋಬರ್ ಕೊನೆಯವರೆಗೂ ವಾರಕ್ಕೊಂದು ಸಲ ಎರೆಹುಳು, ಮಧ್ಯೆ ಡೂಬಿಯಾ ಜಿರಳೆ, ಇಟ್ಟ ತಕ್ಷಣ ಗಬಕ್ಕನೆ ನುಂಗುತ್ತಿತ್ತು. ಈಗ ಐದು ವಾರದಿಂದ ಏನೂ ಮುಟ್ಟಿಲ್ಲ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಳಗೆ ಹೂತುಕೊಂಡು ಕೂತಿದೆ, ಮೈ ಮಂಕಾಗಿದೆ. ದಿನಾ ರಾತ್ರಿ ಹೊರಗೆ ತೆಗೆದು ಇಕ್ಕಳದಲ್ಲಿ ಹುಳ ತೋರಿಸುತ್ತೇವೆ, ಮುಖ ತಿರುಗಿಸುತ್ತದೆ. ಗೋಲ್ಡ್‌ಫಿಶ್ ಕೂಡ ಬಿಟ್ಟು ನೋಡಿದೆವು.

ಟ್ಯಾಂಕ್ 10 ಗ್ಯಾಲನ್, ಕೋಕೋಪೀಟ್ 2 ಇಂಚು, ಅಡಿಯಲ್ಲಿ ಹೀಟ್ ಮ್ಯಾಟ್, ಮೇಲೆ ಜಾಲರಿ ಮುಚ್ಚಳ. ಮನೆಯ ಹೀಟರ್ ರಾತ್ರಿ 64 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸುತ್ತೇವೆ. ಬಾಯಿ ಬಿಡಿಸಿ ತುರುಕಿದರೆ ತಿನ್ನಲು ಶುರು ಮಾಡುತ್ತದೆ ಅಂತ ಒಂದು ಕಡೆ ಓದಿದೆ. ಮಾಡಬಹುದಾ?

ಕೆಸರುಗದ್ದೆ

ಬಾಯಿಗೆ ಕೈ ಹಾಕಬೇಡಿ. ಈ ಕಪ್ಪೆಯ ದವಡೆ ಮುಚ್ಚಿದಾಗ ಗಟ್ಟಿ, ಬಲವಂತವಾಗಿ ಬಿಡಿಸಿದರೆ ಮೂಳೆ ಮುರಿಯಬಹುದು. ಅದಕ್ಕಿಂತ ಮುಖ್ಯ: ಮೈ ತಣ್ಣಗಿರುವ ಕಪ್ಪೆಯ ಹೊಟ್ಟೆಗೆ ಹುಳ ಇಳಿಸಿದರೆ ಅದು ಜೀರ್ಣವಾಗುವುದಿಲ್ಲ, ಕೊಳೆಯುತ್ತದೆ. ಗುಂಡಣ್ಣ ಈಗ ಊಟ ಬಿಟ್ಟಿರುವುದು ಬಹುಶಃ ಒಳ್ಳೆಯ ಬುದ್ಧಿಯೇ.

ಇದರ ತವರು ಗ್ರಾನ್ ಚಾಕೋ, ಅಂದರೆ ಅರ್ಜೆಂಟೀನ, ಪರಗ್ವೆ, ಬೊಲಿವಿಯಾ ಸೇರುವ ಒಣ ಬಯಲು. ಅಲ್ಲಿ ಮಳೆಗಾಲದಲ್ಲಿ ಸಿಕ್ಕಿದ್ದೆಲ್ಲ ನುಂಗಿ ಕೊಬ್ಬು ಮಾಡಿಕೊಂಡು, ಚಳಿ ಮತ್ತು ಒಣಹವೆ ಬಂದಾಗ ಮಣ್ಣಿನಡಿ ಇಳಿದುಬಿಡುತ್ತದೆ. ಸುಲಿಯುವ ಚರ್ಮವನ್ನು ಉದುರಿಸದೆ ಒಂದರ ಮೇಲೊಂದು ಪದರ ಉಳಿಸಿಕೊಂಡು, ಮೈಗೆ ಕಾಗದ ಸುತ್ತಿದ ಹಾಗೆ ಕವಚ ಮಾಡಿಕೊಳ್ಳುತ್ತದೆ. ಒಳಗಿನ ನೀರು ಆರದಿರಲು ಈ ಏರ್ಪಾಡು. ಮಳೆ ಬಿದ್ದಾಗ ಕವಚ ಹರಿದು, ಅದನ್ನೂ ತಿಂದು, ಮೇಲೆ ಬರುತ್ತದೆ.

ನಿಮ್ಮ ಟ್ಯಾಂಕಿನಲ್ಲಿ ಎರಡು ತಪ್ಪು ಕೂಡಿವೆ. ಮನೆಯ ಗಾಳಿ ತಣ್ಣಗೆ, ಹೀಟರ್‌ನಿಂದಾಗಿ ಒಣಗಿದೆ. ಮೇಲೆ ಜಾಲರಿ ಇರುವುದರಿಂದ ತೇವವೆಲ್ಲ ಹಾರಿಹೋಗುತ್ತದೆ. ಕಪ್ಪೆಗೆ ಇದು ಚಾಕೋದ ಒಣಗಾಲ. ಎರಡನೆಯದು ಅಡಿಯ ಹೀಟ್ ಮ್ಯಾಟ್. ಕಾಡಿನಲ್ಲಿ ಬಿಸಿ ಮೇಲಿನಿಂದ ಬರುತ್ತದೆ, ತಂಪು ಬೇಕಾದರೆ ಕೆಳಗೆ ಅಗೆಯಬೇಕು. ನಿಮ್ಮಲ್ಲಿ ಅಗೆದಷ್ಟೂ ಬಿಸಿ. ಹೊಟ್ಟೆ ಸುಟ್ಟರೂ ಅದು ಮೇಲೇಳುವುದಿಲ್ಲ, ಇನ್ನೂ ಕೆಳಗೇ ಹೋಗುತ್ತದೆ.

ಮೊದಲು ಮೂರು ಅಳತೆ ಬೇಕು: ಕಪ್ಪೆ ಕೂತ ಜಾಗದ ಮಣ್ಣಿನ ಉಷ್ಣತೆ (ಅಂಟಿಸುವ ಗುಂಡು ಮೀಟರ್ ನಂಬಬೇಡಿ, ತಂತಿ ತುದಿಯ ಡಿಜಿಟಲ್ ಥರ್ಮಾಮೀಟರ್ ಬೇಕು), ಮಣ್ಣಿನ ಮೇಲಿನ ತೇವಾಂಶ, ಮತ್ತು ತೂಕ. ತಕ್ಕಡಿಯಲ್ಲಿ ಕಪ್ಪೆ ತೂಗಿದಂತೆ ಅನ್ನುವ ಮಾತು ಇದಕ್ಕೆ ಒಪ್ಪುವುದಿಲ್ಲ; ಅಡುಗೆಮನೆಯ ಗ್ರಾಂ ಸ್ಕೇಲಿನ ಮೇಲೆ ಒಂದು ಡಬ್ಬಿ ಇಟ್ಟು ಸೊನ್ನೆ ಮಾಡಿ, ಒಳಗೆ ಕೂರಿಸಿದರೆ ಪ್ಯಾಕ್‌ಮನ್ ಅಲ್ಲಾಡದೆ ಕೂರುತ್ತದೆ. ಆ ಡಬ್ಬಿಯನ್ನು ಮಾತ್ರ ಮತ್ತೆ ಅಡುಗೆಗೆ ಬಳಸಬೇಡಿ, ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ಮುಟ್ಟುವ ಮೊದಲು ಬರೀ ನೀರು ಸಾಕು, ಸೋಪಿನ ಅಂಶ ಅದರ ಚರ್ಮದೊಳಗೆ ಇಳಿಯುತ್ತದೆ.

ವಟವಟ

ಒಂದು ಭಿನ್ನಾಭಿಪ್ರಾಯ. ದಪ್ಪಗಿರುವ ದೊಡ್ಡ ಪ್ಯಾಕ್‌ಮನ್ ಐದು ವಾರ ಉಪವಾಸ ಇದ್ದರೆ ಗಾಬರಿ ಪಡುವಂಥದ್ದೇನಲ್ಲ. ಅದು ತಾನಾಗಿ ಮಲಗಿದೆ, ಮಲಗಲಿ ಬಿಡಿ, ಮಾರ್ಚ್‌ನಲ್ಲಿ ಏಳುತ್ತದೆ. ಎಷ್ಟೋ ಜನ ಹಾಗೇ ಬಿಡುತ್ತಾರೆ. ಮರಿ ಕಪ್ಪೆಯಾದರೆ ಮಾತ್ರ ಬೇರೆ ಮಾತು, ಹತ್ತು ದಿನ ತಿನ್ನದಿದ್ದರೆ ಸುಮ್ಮನೆ ಕೂರಬಾರದು.

ದಿನಾ ಅಗೆದು ತೆಗೆಯುವುದನ್ನಂತೂ ಇವತ್ತೇ ನಿಲ್ಲಿಸಿ. ಕಪ್ಪೆಯ ಲೆಕ್ಕದಲ್ಲಿ ನೀವು ಅದನ್ನು ಹಿಡಿದು ತಿನ್ನಲು ಬಂದ ಪ್ರಾಣಿ. ಹಾಗೆ ಹಿಡಿದವರು ತೋರಿಸುವ ಹುಳವನ್ನು ಯಾರು ತಿನ್ನುತ್ತಾರೆ?

ಕೆಸರುಗದ್ದೆ

ಮಲಗಲಿ ಅನ್ನುವುದಕ್ಕೆ ಒಪ್ಪುತ್ತಿದ್ದೆ, ಅದು ಸರಿಯಾಗಿ ಮಲಗಿದ್ದರೆ. ಮಲಗುವ ಮೊದಲು ಹೊಟ್ಟೆ ಪೂರ್ತಿ ಖಾಲಿಯಾಗಿರಬೇಕು, ಮಣ್ಣು ನಿಧಾನವಾಗಿ ಒಣಗಬೇಕು, ಕವಚ ಕಟ್ಟಬೇಕು, ಆಮೇಲೆ ಯಾರೂ ಮುಟ್ಟಬಾರದು. ಇಲ್ಲಿ ಆಗಿರುವುದು ಅರ್ಧಂಬರ್ಧ: ಮೇಲೆ ತಣ್ಣಗೆ, ಕೆಳಗೆ ಬಿಸಿ, ನೀರು ಚಿಮುಕಿಸಿದಾಗ ಒದ್ದೆ, ದಿನಾ ಎಬ್ಬಿಸುವುದು ಬೇರೆ. ಪ್ರತಿ ಸಲ ಎಬ್ಬಿಸಿದಾಗಲೂ ಒಂದಷ್ಟು ಕೊಬ್ಬು ಖರ್ಚು. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಅದರ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಬ್ಯಾಕ್ಟೀರಿಯಾ ಕುಗ್ಗುವುದಿಲ್ಲ. ಹೀಗಿರುವಾಗ ಪೂರ್ತಿ ಎಬ್ಬಿಸುವುದೇ ಕ್ಷೇಮ.

ಗುಂಡಣ್ಣನಮನೆ

ಅಳೆದೆ. ಮ್ಯಾಟ್ ಮೇಲಿನ ಗಾಜು 95, ಕಪ್ಪೆಯ ಹೊಟ್ಟೆಯ ಕೆಳಗಿನ ಮಣ್ಣು 88, ಮೇಲಿನ ಗಾಳಿ 67. ತೇವಾಂಶ 35 ಶೇಕಡಾ. ತೂಕ 168 ಗ್ರಾಂ. ಮುಂಚಿನ ತೂಕ ಗೊತ್ತಿಲ್ಲ. ಹೊಟ್ಟೆ ಕೆಂಪಾಗಿಲ್ಲ. ಬೆನ್ನಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಥರ ಒಂದು ಪದರ ಇದೆ. ಮ್ಯಾಟ್ ತಕ್ಷಣ ಆಫ್ ಮಾಡಲಾ?

ಕೆಸರುಗದ್ದೆ

ಆಫ್ ಮಾಡಿ, ಬಿಚ್ಚಿ. ಅದೇ ಮ್ಯಾಟನ್ನು ಟ್ಯಾಂಕಿನ ಒಂದು ಬದಿಯ ಹೊರಗಾಜಿಗೆ, ಮಣ್ಣಿನ ಮಟ್ಟದಿಂದ ಮೇಲಕ್ಕೆ ಅಂಟಿಸಬೇಕು. ಹಳೆಯ ಅಂಟು ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಫಾಯಿಲ್ ಟೇಪ್ ಬಳಸಿ. ಮ್ಯಾಟ್ ಸುಕ್ಕುಗಟ್ಟಿದ್ದರೆ ಹೊಸದೇ ತನ್ನಿ, ಮಡಿಕೆಯಲ್ಲಿ ತಂತಿ ಸುಡುತ್ತದೆ. ಥರ್ಮೋಸ್ಟಾಟ್ (ಬಿಸಿ ನೋಡಿ ಮ್ಯಾಟನ್ನು ತಾನೇ ಆನ್, ಆಫ್ ಮಾಡುವ ಸಾಧನ) ಇಲ್ಲದೆ ಮ್ಯಾಟ್ ಪ್ಲಗ್ಗಿಗೆ ಹಾಕಲೇಬಾರದು. ಅದರ ಸೆನ್ಸರ್ ಟ್ಯಾಂಕಿನ ಒಳಗೆ, ಬಿಸಿ ಬದಿಯಲ್ಲಿ, ಮಣ್ಣಿನ ಮಟ್ಟಕ್ಕೆ. ಗುರಿ ಹಗಲು 80–82 (ಸುಮಾರು 27 ಸೆಲ್ಸಿಯಸ್), ರಾತ್ರಿ 75. ತಂಪು ಬದಿ 75ರ ಆಸುಪಾಸು ಇದ್ದರೆ ಸರಿ. 85 ದಾಟಬಾರದು. ಟ್ಯಾಂಕಿನ ಮೂರು ಬದಿಗೆ ಹೊರಗಿನಿಂದ ಥರ್ಮೋಕೋಲ್ ಶೀಟ್ ಒತ್ತಿದರೆ ಮಿಷಿಗನ್ ಚಳಿಯಲ್ಲೂ ನಿಲ್ಲುತ್ತದೆ, ಮ್ಯಾಟ್ ಇರುವ ಗಾಜನ್ನು ಮಾತ್ರ ಬಿಡಿ.

ಜಾಲರಿಯ ಮುಕ್ಕಾಲು ಭಾಗ ಅಕ್ರಿಲಿಕ್ ಹಾಳೆಯಿಂದಲೋ ಅಡುಗೆಯ ಕ್ಲಿಂಗ್ ಫಿಲ್ಮ್‌ನಿಂದಲೋ ಮುಚ್ಚಿ. ತೇವಾಂಶ 60–80 ಬರುತ್ತದೆ. ಕೋಕೋಪೀಟ್ ಪೂರ್ತಿ ಬದಲಿಸಿ, ಯಾಕೆಂದರೆ ಹಳೆಯದರಲ್ಲಿ ಮೂತ್ರದ ಅಮೋನಿಯಾ ಕೂಡಿರುತ್ತದೆ. ಆಳ 4 ಇಂಚು ಮಾಡಿ. ಹದ ಹೀಗೆ: ಒಂದು ಮುಷ್ಟಿ ಹಿಂಡಿದರೆ ಒಂದೆರಡು ಹನಿ ಉದುರಬೇಕು, ಧಾರೆಯಾದರೆ ನೀರು ಹೆಚ್ಚು. ತೋಟಕ್ಕೆ ಮಾರುವ ಕೋಕೋಪೀಟ್‌ನಲ್ಲಿ ಗೊಬ್ಬರ ಬೆರೆತಿರಬಹುದು, ಉಪ್ಪೂ ಇರಬಹುದು, ಸರೀಸೃಪಗಳಿಗೆ ಅಂತ ಮಾರುವುದನ್ನೇ ಕೊಳ್ಳಿ.

ಬೆನ್ನಿನ ಪದರವನ್ನು ಉಗುರಿನಿಂದ ಕೀಳಬೇಡಿ. ನೆನೆಸಿ:

ಅಗಲ ಡಬ್ಬಿಯಲ್ಲಿ 78–80 ಡಿಗ್ರಿ ನೀರು, ಆಳ ಅದರ ಗದ್ದದವರೆಗೆ ಮಾತ್ರ, ಮೂಗು ಮೇಲಿರಬೇಕು. ಪ್ಯಾಕ್‌ಮನ್‌ಗೆ ಸರಿಯಾಗಿ ಈಜು ಬಾರದು, ಮುಳುಗಿ ಸಾಯಬಹುದು. ದಿನಕ್ಕೊಮ್ಮೆ 20 ನಿಮಿಷ, ಮೂರು ದಿನ, ಪಕ್ಕದಲ್ಲೇ ಇದ್ದು. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಹೊಟ್ಟೆಯ ಚರ್ಮದಿಂದ ಹೀರುತ್ತದೆ. ಹಾಗಾಗಿ ನೀರಿನಲ್ಲಿ ಏನಿದೆಯೋ ಅದೆಲ್ಲ ಮೈಯೊಳಗೆ. ನಲ್ಲಿನೀರು ಒಂದು ರಾತ್ರಿ ಬಿಟ್ಟರೆ ಕ್ಲೋರಿನ್ ಹೋಗಬಹುದು, ಆದರೆ ಅಮೆರಿಕದ ಅನೇಕ ಊರುಗಳಲ್ಲಿ ಹಾಕುವ ಕ್ಲೋರಮೈನ್ ಹೋಗುವುದಿಲ್ಲ. ಇವೆರಡನ್ನೂ ತೆಗೆಯುವ ಅಕ್ವೇರಿಯಂ ವಾಟರ್ ಕಂಡೀಷನರ್ ಹಾಕಿ. ಡಿಸ್ಟಿಲ್ಡ್ ನೀರು ಬೇಡ, ಅದು ಮೈಯ ಲವಣ ಎಳೆದುಕೊಳ್ಳುತ್ತದೆ.

ಪದರ ಸಡಿಲವಾದಾಗ ಕಪ್ಪೆ ಬಾಯಿ ಆಕಳಿಸಿ, ಮೈ ಉಬ್ಬಿಸಿ, ಕಾಲಿನಿಂದ ಚರ್ಮ ಬಾಯಿಗೆ ಎಳೆದುಕೊಳ್ಳುತ್ತದೆ. ಉಸಿರುಗಟ್ಟಿದೆ ಅಂತ ಹೆದರಬೇಡಿ.

ಊಟದ ಯೋಚನೆ ಆಮೇಲೆ. ಬಿಸಿ, ತೇವ ಎರಡೂ ಸರಿಯಾಗಿ ಐದು ದಿನ ನಿಂತ ಮೇಲೆ.

ತೇವನೆಲ

ಊಟದ ವಿಷಯ ನಾನು ಸೇರಿಸುತ್ತೇನೆ.

ಗೋಲ್ಡ್‌ಫಿಶ್ ಬಿಡಿ. ಅದರಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ, ಪದೇ ಪದೇ ಕೊಟ್ಟರೆ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ. ಹೊಟ್ಟೆಗೆ ಒಳ್ಳೆಯದು ನೈಟ್‌ಕ್ರಾಲರ್ ಎರೆಹುಳು, ಗಾಳ ಹಾಕುವವರ ಅಂಗಡಿಯಲ್ಲಿ ಸಿಗುತ್ತದೆ. ಹಸಿರು ಬಣ್ಣ ಹಾಕಿದ್ದು ಬೇಡ. ನಿಮ್ಮ ಹುಲ್ಲುಹಾಸಿನದ್ದೂ ಬೇಡ, ಔಷಧಿ ಹೊಡೆದಿರುತ್ತಾರೆ. ಕಾಂಪೋಸ್ಟಿಗೆ ಬಳಸುವ ಸಣ್ಣ ಕೆಂಪು ಹುಳ ಒಂದು ಅಂಟು ದ್ರವ ಬಿಡುತ್ತದೆ, ಕಪ್ಪೆಗೆ ಅದರ ರುಚಿ ಆಗುವುದಿಲ್ಲ, ಬಾಯಿಗೆ ಹಾಕಿ ಉಗುಳುತ್ತದೆ. ತುಂಬಾ ಜನ ಇದನ್ನು ನೋಡಿ ಕಪ್ಪೆಗೆ ಕಾಯಿಲೆ ಅಂದುಕೊಳ್ಳುತ್ತಾರೆ, ತಪ್ಪು ಹುಳದ್ದು.

ಕ್ರಿಕೆಟ್ ಹುಳ ಕೊಟ್ಟರೆ ತಿನ್ನದೆ ಉಳಿದದ್ದನ್ನು ರಾತ್ರಿಯೇ ಹಿಡಿದು ತೆಗೆಯಿರಿ. ಮಲಗಿದ ಕಪ್ಪೆಯ ಮೈಯನ್ನೇ ಕಡಿದು ಗಾಯ ಮಾಡುತ್ತವೆ.

ಇನ್ನೊಂದು ಪ್ರಶ್ನೆ: ಅದು ಹುಳ ನೋಡಿಯೂ ಸುಮ್ಮನಿದೆಯಾ, ಅಥವಾ ಹಾರಿ ಗುರಿ ತಪ್ಪುತ್ತಿದೆಯಾ? ಇವೆರಡೂ ಬೇರೆ ಕಾಯಿಲೆಯ ದಾರಿ. ಹಸಿವಿದ್ದು, ನಾಲಿಗೆ ಚಾಚಿಯೂ ಹುಳ ಅಂಟದಿದ್ದರೆ ಎ ಜೀವಸತ್ವದ ಕೊರತೆ ಇರಬಹುದು. ನಾಲಿಗೆಯ ಅಂಟು ತಯಾರಾಗುವುದಿಲ್ಲ. ಹಿಡಿದರೂ ಕಚ್ಚಲಾಗದೆ ಬಿಟ್ಟರೆ, ಕೆಳದವಡೆ ರಬ್ಬರಿನಂತೆ ಬಾಗಿದರೆ, ಕ್ಯಾಲ್ಸಿಯಂ ಮತ್ತು ಡಿ3 ಕೊರತೆ. ಎರಡಕ್ಕೂ ಮನೆಮದ್ದಿಲ್ಲ, ಡಾಕ್ಟರ್ ಬೇಕು. ಎ ಜೀವಸತ್ವ ಹೆಚ್ಚಾದರೂ ವಿಷ.

ಗುಂಡಣ್ಣನಮನೆ

ನೋಡಿಯೂ ಸುಮ್ಮನಿರುತ್ತದೆ, ದವಡೆ ಗಟ್ಟಿಯಾಗಿದೆ. ಕ್ಯಾಲ್ಸಿಯಂ ಪುಡಿ ತಿಂಗಳಿಗೊಮ್ಮೆ ಹಾಕುತ್ತಿದ್ದೆವು.

ತೇವನೆಲ

ತಿಂಗಳಿಗೊಮ್ಮೆ ಸಾಲದು. ಡಿ3 ಇರುವ ಕ್ಯಾಲ್ಸಿಯಂ ಎರಡು ಊಟಕ್ಕೊಮ್ಮೆ, ಮಲ್ಟಿವಿಟಮಿನ್ ತಿಂಗಳಿಗೆರಡು ಸಲ. ಹುಳವನ್ನು ಡಬ್ಬಿಯಲ್ಲಿ ಹಾಕಿ ಚಿಟಿಕೆ ಪುಡಿಯ ಜೊತೆ ಅಲ್ಲಾಡಿಸಿದರೆ ಸಾಕು, ಹಿಟ್ಟಿನಲ್ಲಿ ಅದ್ದಿದ ಬಜ್ಜಿಯ ಹಾಗೆ ಮಾಡಬೇಡಿ. ಎದ್ದ ಮೇಲಿನ ಮೊದಲ ಊಟಕ್ಕೆ ಮಾತ್ರ ಪುಡಿ ಬೇಡ, ವಾಸನೆಗೆ ಬಿಟ್ಟುಬಿಡಬಹುದು.

ಪ್ರಾಣಿವೈದ್ಯೆ

ಯಾವಾಗ ಕಾಯಬಾರದು ಅನ್ನುವುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ತೊಡೆಯ ಒಳಭಾಗ, ಹೊಟ್ಟೆ ಕೆಂಪಾದರೆ ರಕ್ತಕ್ಕೆ ಸೋಂಕು ಇಳಿದಿರಬಹುದು, ಅವತ್ತೇ ಬನ್ನಿ. ಮೈ ನೀರು ತುಂಬಿದ ಬಲೂನಿನಂತೆ ಊದಿದರೆ, ಚರ್ಮ ಚೂರುಚೂರಾಗಿ ದಿನವೂ ಉದುರುತ್ತಿದ್ದರೆ, ಹಿಂಭಾಗದಿಂದ ಮಾಂಸ ಹೊರಬಂದಿದ್ದರೆ, ಮೆಲ್ಲಗೆ ಮಗುಚಿ ಮಲಗಿಸಿದಾಗ ತಿರುಗಿಕೊಳ್ಳಲು ಆಗದಿದ್ದರೆ, ಇದೂ ಅಷ್ಟೇ ತುರ್ತು. ತೂಕವನ್ನು ವಾರಕ್ಕೊಮ್ಮೆ ಬರೆದಿಡಿ. ಇವತ್ತಿನ 168 ನಿಮ್ಮ ಮೊದಲ ಗುರುತು. ಮೊದಲ ಸಲ ನೆನೆಸಿದ ಮೇಲೆ ನೀರು ಹೀರಿ ಏರುತ್ತದೆ, ಅದನ್ನು ಮೈ ಹತ್ತಿತು ಅಂದುಕೊಳ್ಳಬೇಡಿ. 151ಕ್ಕೆ ಇಳಿದರೆ, ಅಂದರೆ ಹತ್ತರಲ್ಲಿ ಒಂದು ಪಾಲು ಹೋದರೆ, ತೋರಿಸಿ.

ಎಲ್ಲ ಪ್ರಾಣಿವೈದ್ಯರೂ ಕಪ್ಪೆ ನೋಡುವುದಿಲ್ಲ, ಫೋನ್ ಮಾಡಿ ಕೇಳಿಯೇ ಹೋಗಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಪೇಪರ್ ಟವಲ್, ಅದನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಕಾರು ಬೆಚ್ಚಗಾದ ಮೇಲೆ ಹೊರಡಿ. ಹಿಕ್ಕೆ ಸಿಕ್ಕರೆ ಒಣಗದಂತೆ ಜಿಪ್ ಚೀಲದಲ್ಲಿ ಅದೇ ದಿನ ತನ್ನಿ, ಜಂತು ಪರೀಕ್ಷೆಗೆ ಬೇಕು. ಮನೆಯಲ್ಲಿರುವ ಗಾಯದ ಮುಲಾಮು ಹಚ್ಚಬೇಡಿ. ನೋವು ಕಡಿಮೆ ಮಾಡುವ ಮುಲಾಮುಗಳಲ್ಲಿರುವ ಮರಗಟ್ಟಿಸುವ ಔಷಧಿ ಚರ್ಮದ ಮೂಲಕ ಇಳಿದು ಕಪ್ಪೆಯನ್ನು ಕೊಲ್ಲುತ್ತದೆ.

ಮಳೆಹನಿ (ಬೆಂಗಳೂರು)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮಳೆಗಾಲದಲ್ಲಿ ಅಂಗಳಕ್ಕೆ ಬಂದ ಗೋಂಕರು ಕಪ್ಪೆಯನ್ನು ನನ್ನ ತಮ್ಮ ಒಂದು ಬಕೆಟ್ಟಿನಲ್ಲಿ ಇಟ್ಟಿದ್ದಾನೆ, ಅದೂ ತಿನ್ನುತ್ತಿಲ್ಲ. ಇದೇ ಉಪಾಯವಾ?

ವಟವಟ

ಅಲ್ಲ. ಅದನ್ನು ಸಿಕ್ಕ ಜಾಗದಲ್ಲೇ ಇವತ್ತು ಸಂಜೆ ಬಿಟ್ಟುಬಿಡಿ, ತಾನಾಗಿ ತಿನ್ನುತ್ತದೆ. ಕಾಡುಕಪ್ಪೆ ಬಕೆಟ್ಟಿನಲ್ಲಿ ಊಟ ಮಾಡುವುದಿಲ್ಲ. ನಮ್ಮ ದೊಡ್ಡ ಗೋಂಕರು ಕಪ್ಪೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ, ಸಾಕುವ ಹಾಗಿಲ್ಲ.

ಗುಂಡಣ್ಣನಮನೆ

ಆರನೇ ದಿನ. ಮಣ್ಣು 80, ತೇವಾಂಶ 72. ಎರಡನೇ ಸಲ ನೆನೆಸಿದಾಗ ಚರ್ಮ ಸುಲಿದು ತಿಂದಿತು. ಇವತ್ತು ನೀರಿನಲ್ಲಿ ಹಿಕ್ಕೆ ಹಾಕಿದೆ: ಗಟ್ಟಿ ಕಪ್ಪು ಉಂಡೆ, ಒಳಗೆ ಕೋಕೋಪೀಟ್ ನಾರು. ತೂಕ 171. ಈಗ ಮಣ್ಣಿನ ಮೇಲೆ ಕಣ್ಣು ಮಾತ್ರ ಕಾಣುವ ಹಾಗೆ ಕೂತಿದೆ. ಹುಳ ಕೊಡಲಾ?

ಕೆಸರುಗದ್ದೆ

ಕಣ್ಣು ಮೇಲೆ ಬಂದಿದೆ ಅಂದರೆ ಬೇಟೆಗೆ ಕೂತಿದೆ. ನಾರು ಹೊರಬಂದದ್ದು ಒಳ್ಳೆಯದಾಯಿತು. ಹುಳದ ಜೊತೆ ನುಂಗಿದ್ದು, ಇನ್ನೂ ಕೂಡಿದ್ದರೆ ಕರುಳು ಕಟ್ಟುತ್ತಿತ್ತು. ಇನ್ನು ಮುಂದೆ ಹುಳವನ್ನು ಮಣ್ಣಿಗೆ ಬಿಡದೆ ಇಕ್ಕಳದಲ್ಲೇ ಕೊಡಿ.

ನಾಳೆ ಕೊಡಿ, ಇವತ್ತು ಮುಟ್ಟಬೇಡಿ. ಕತ್ತಲಾದ ಮೇಲೆ ಕೋಣೆಯ ದೀಪ ಆರಿಸಿ, ಪಕ್ಕದ ಕೋಣೆಯ ಬೆಳಕು ಸಾಕು. ಉಪವಾಸದಲ್ಲಿ ಕರುಳು ಸಣಕಲಾಗಿರುತ್ತದೆ, ಅದಕ್ಕೇ ನೈಟ್‌ಕ್ರಾಲರ್‌ನ ಅರ್ಧ ತುಂಡು ಮಾತ್ರ, ಕ್ಲೋರಿನ್ ಇಲ್ಲದ ನೀರಿನಲ್ಲಿ ತೊಳೆದು. ಬಿದಿರಿನ ಅಥವಾ ರಬ್ಬರ್ ತುದಿಯ ಇಕ್ಕಳ ಬಳಸಿ. ಉಕ್ಕಿನದ್ದನ್ನು ಕಚ್ಚಿದರೆ ಬಾಯಿಗೆ ಗಾಯ. ಎದುರಿನಿಂದ, ಮೂಗಿನ ಎರಡು ಇಂಚು ಮುಂದೆ, ನೆಲಕ್ಕೆ ಹತ್ತಿರ ಇಟ್ಟು ಒದ್ದಾಡಲು ಬಿಡಿ. ಮೇಲಿನಿಂದ ಇಳಿಸಿದರೆ ಹಕ್ಕಿ ಅಂದುಕೊಂಡು ತಲೆ ತಗ್ಗಿಸುತ್ತದೆ. ಮುಂಗಾಲಿನ ಬೆರಳಿನ ಹತ್ತಿರ ಒಮ್ಮೆ ಮೆಲ್ಲಗೆ ತಾಗಿಸಬಹುದು. ಎರಡು ನಿಮಿಷ ನೋಡಿ, ಹಿಡಿಯದಿದ್ದರೆ ಮುಚ್ಚಿ ಹೋಗಿ, ಮೂರು ದಿನ ಬಿಟ್ಟು ಮತ್ತೆ.

ತಿಂದರೆ ಆಸೆಗೆ ಬಿದ್ದು ಇನ್ನರ್ಧ ಕೊಡಬೇಡಿ. ಹಿಕ್ಕೆ ಬಂದ ಮೇಲೆ ಒಂದು ಪೂರ್ತಿ ಹುಳ, ಆಮೇಲೆ ಹತ್ತು ದಿನಕ್ಕೊಂದು ಊಟ. ಮತ್ತೆ ರಾತ್ರಿ ಮನೆಯ ಹೀಟರ್ ಇಳಿಸುವ ಮೊದಲು ಥರ್ಮೋಸ್ಟಾಟ್ ಓಡುತ್ತಿದೆಯಾ ಅಂತ ಒಂದು ಸಲ ನೋಡಿಕೊಳ್ಳಿ.