ಗಂಡನಿಂದ ಬೇರೆಯಾದರೆ ಗ್ರೀನ್ ಕಾರ್ಡ್ ಹೋಗುತ್ತಾ?

ಪ್ರಶ್ನೆ (ತೀರ್ಥಹಳ್ಳಿಯಿಂದ ಒಬ್ಬ ತಾಯಿ): ನಮಸ್ಕಾರ ಮೇಡಂ. ಮಗಳ ಮದುವೆ ಆಗಿ ಮೂರು ವರ್ಷ ಆಯಿತು. ಅಳಿಯ ಅಮೆರಿಕದ ಸಿಟಿಜನ್, ಡಾಲಸ್‌ನಲ್ಲಿ ಇರೋದು. ಮಗಳಿಗೆ ಎರಡು ವರ್ಷದ ಗ್ರೀನ್ ಕಾರ್ಡ್ ಇದೆ. ಅದು ಮುಗಿಯಲು ಇನ್ನು ಐದು ತಿಂಗಳು. ಈಗ ಇಬ್ಬರೂ ಬೇರೆ ಬೇರೆ ಮನೆಯಲ್ಲಿದ್ದಾರೆ. "ನಾನು ಸಹಿ ಹಾಕದಿದ್ದರೆ ನಿನ್ನ ಕಾರ್ಡ್ ಕ್ಯಾನ್ಸಲ್" ಅಂತ ಹೆದರಿಸುತ್ತಾನಂತೆ. ನಮ್ಮ ಯಜಮಾನರು "ಎಲ್ಲ ಬಿಟ್ಟು ಬಂದುಬಿಡಲಿ, ತೋಟ ಇದೆ, ಮನೆ ಇದೆ" ಅಂತಾರೆ. ಅವಳಿಗೆ ಅಲ್ಲಿ ಕೆಲಸ ಇದೆ, ಬಿಟ್ಟು ಬರಲು ಮನಸ್ಸಿಲ್ಲ. ಏನು ಮಾಡೋದು?

ಉತ್ತರ (ವಕೀಲರು): ಅಮ್ಮ, ಧೈರ್ಯವಾಗಿರಿ. ಕಾರ್ಡ್ ಕ್ಯಾನ್ಸಲ್ ಮಾಡುವ ಅಧಿಕಾರ ಗಂಡನಿಗೆ ಇಲ್ಲ. ಅವನ ಕೈಯಲ್ಲಿರೋದು ಒಂದು ಸಹಿ ಮಾತ್ರ. ಆ ಸಹಿ ಇಲ್ಲದೆಯೂ ದಾರಿ ಇದೆ.

ಕಾರ್ಡ್ ಸಿಕ್ಕ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಷರತ್ತಿನ ಮೇಲೆ ಎರಡು ವರ್ಷದ ಕಾರ್ಡ್ ಕೊಡುತ್ತಾರೆ. ಷರತ್ತು ತೆಗೆಸಲು ಐ-751 ಅರ್ಜಿ ಹಾಕಬೇಕು. ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿ ಸೇರಿ ಹಾಕುವುದಾದರೆ ಕಾರ್ಡ್ ಮುಗಿಯುವ ಮುಂಚಿನ 90 ದಿನಗಳ ಒಳಗೆ. ಒಬ್ಬಳೇ ಹಾಕುವುದಾದರೆ ಅದನ್ನು ವೇವರ್ ಅಂತಾರೆ, ಅಂದರೆ ಗಂಡನ ಸಹಿಯಿಂದ ವಿನಾಯಿತಿ, ಅದಕ್ಕೆ ಆ 90 ದಿನದ ಕಟ್ಟು ಇಲ್ಲ. ಮನಸ್ಸಿಟ್ಟೇ ಮದುವೆಯಾದೆ, ಆದರೆ ಡಿವೋರ್ಸ್ ಆಯಿತು ಅನ್ನೋದು ಒಂದು ಕಾರಣ. ಗಂಡ ಹೊಡೆದ, ಹಿಂಸೆ ಕೊಟ್ಟ ಅನ್ನೋದು ಇನ್ನೊಂದು. ಹಿಂಸೆ ಅಂದರೆ ಏಟು ಮಾತ್ರ ಅಲ್ಲ, ವಿಪರೀತ ಮಾನಸಿಕ ಕ್ರೌರ್ಯವೂ ಸೇರುತ್ತದೆ. ಪೊಲೀಸ್ ದೂರು ಇದ್ದೇ ಇರಬೇಕು ಅಂತಿಲ್ಲ. ವಾಪಸ್ ಬಂದರೆ ತುಂಬಾ ಕಷ್ಟ ಆಗುತ್ತದೆ ಅಂತ ತೋರಿಸುವ ಮೂರನೆಯ ಕಾರಣವೂ ಇದೆ, ಆದರೆ ಸಾಬೀತು ಮಾಡೋದು ಸುಲಭ ಅಲ್ಲ.

ಇಲ್ಲೊಂದು ತೊಡಕಿದೆ. ಬೇರೆ ಮನೆ ಮಾಡಿದ ಮಾತ್ರಕ್ಕೆ ಡಿವೋರ್ಸ್ ಕಾರಣ ನಿಲ್ಲುವುದಿಲ್ಲ, ಕೋರ್ಟಿನ ಕೊನೆಯ ಆದೇಶ ಬೇಕು. ಕೇಸ್ ಹಾಕಿದ್ದು, ಆದೇಶ ಇನ್ನೂ ಬಂದಿಲ್ಲ ಅಂದರೆ ಕೇಸಿನ ಕಾಗದ ಇಟ್ಟು ಅರ್ಜಿ ಹಾಕಬಹುದು. ಇಮಿಗ್ರೇಷನ್ ಇಲಾಖೆ ಆಮೇಲೆ ಆದೇಶದ ಪ್ರತಿ ಕೇಳುತ್ತದೆ. ಟೆಕ್ಸಸ್‌ನಲ್ಲಿ ಕೇಸ್ ಹಾಕಿದ ಮೇಲೆ ಸಾಮಾನ್ಯವಾಗಿ ಕನಿಷ್ಠ 60 ದಿನ ಕಾಯಬೇಕು. ಹಾಗಾಗಿ ಐದು ತಿಂಗಳು ಜಾಸ್ತಿ ಅಂತ ಕೂರಬೇಡಿ. ಈ ವಾರವೇ ಅವಳು ಅಲ್ಲಿನ ಒಬ್ಬ ಇಮಿಗ್ರೇಷನ್ ವಕೀಲರನ್ನೂ ಒಬ್ಬ ಡಿವೋರ್ಸ್ ವಕೀಲರನ್ನೂ ನೋಡಲಿ.

ಪ್ರಶ್ನೆ (ಅದೇ ತಾಯಿ): ಸ್ವಲ್ಪ ದಿನಕ್ಕೆ ಊರಿಗೆ ಕರೆಸಿಕೊಳ್ಳಲಾ ಮೇಡಂ? ಒಬ್ಬಳೇ ಇದ್ದಾಳೆ ಅಂದರೆ ರಾತ್ರಿ ನಿದ್ದೆ ಬರೋಲ್ಲ.

ಉತ್ತರ: ನಿಮ್ಮ ಸಂಕಟ ಗೊತ್ತಾಗುತ್ತದೆ. ಆದರೂ ಹೇಳುತ್ತೇನೆ, ಅರ್ಜಿ ಹಾಕುವ ಮೊದಲು ಕರೆಸಬೇಡಿ. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಹಿರಿಯರು ಮೊದಲು ಮಾಡೋದೇ ಟಿಕೆಟ್. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಅವಳು ಇಲ್ಲಿರುವಾಗ ಕಾರ್ಡಿನ ಅವಧಿ ಮುಗಿದರೆ ವಿಮಾನ ಹತ್ತುವುದೇ ಕಷ್ಟ. ಅರ್ಜಿ ತಲುಪಿತು ಅಂತ ಒಂದು ರಸೀತಿ ಬರುತ್ತದೆ. 2023ರಿಂದ ಈಚೆಗೆ ಅದು ಕಾರ್ಡಿನ ಅವಧಿಯನ್ನು 48 ತಿಂಗಳು ಮುಂದೆ ಹಾಕುತ್ತದೆ. ಹಳೆ ಕಾರ್ಡ್ ಜೊತೆ ಆ ಅಸಲು ರಸೀತಿ ಕೈಯಲ್ಲಿದ್ದರೆ ಬಂದು ಹೋಗಬಹುದು. ಬಂದರೂ ತಿಂಗಳು, ಒಂದೂವರೆ ತಿಂಗಳಲ್ಲಿ ವಾಪಸ್ ಕಳಿಸಿ. ಆರು ತಿಂಗಳು ದಾಟಿದರೆ ಪ್ರಶ್ನೆ ಮಾಡುತ್ತಾರೆ. ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗಲು ಆಗುವುದಿಲ್ಲ.

ಇನ್ನೊಂದು ವಿಷಯ ಅವಳಿಗೆ ಬಿಡಿಸಿ ಹೇಳಿ. ಐ-407 ಅನ್ನೋ ಫಾರ್ಮ್ ಇದೆ. ಅದು ಕಾರ್ಡನ್ನು ತಾನಾಗಿ ಬಿಟ್ಟುಕೊಡುವ ಕಾಗದ. ಗಂಡ ಕೊಡಲಿ, ಏರ್‌ಪೋರ್ಟಿನಲ್ಲಿ ಅಧಿಕಾರಿ ಕೊಡಲಿ, ಸಹಿ ಹಾಕಬಾರದು. ಇಮಿಗ್ರೇಷನ್ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುತ್ತೇನೆ ಅಂತ ಕೇಳುವ ಹಕ್ಕು ಅವಳಿಗಿದೆ.

ಪ್ರಶ್ನೆ (ಸಾಗರದಿಂದ ಒಬ್ಬರು): ಮೇಡಂ, ನನ್ನ ತಂಗಿ ಎಚ್-4 ವೀಸಾದಲ್ಲಿದ್ದಾಳೆ. ಅವಳಿಗೂ ಇದೇ ನಿಯಮನಾ?

ಉತ್ತರ: ಇಲ್ಲ. ಎಚ್-4 ನಿಂತಿರೋದು ಗಂಡನ ಕೆಲಸದ ವೀಸಾ ಮೇಲೆ. ಡಿವೋರ್ಸ್ ಆದೇಶ ಬಂದ ದಿನವೇ ಆ ಆಸರೆ ಹೋಗುತ್ತದೆ. ಆದೇಶಕ್ಕೆ ಮುಂಚೆಯೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು. ಗಂಡನಿಗೆ ಕಂಪನಿ ಮೂಲಕ ಗ್ರೀನ್ ಕಾರ್ಡ್ ಆಗಿ, ಜೊತೆಗೆ ಹೆಂಡತಿಗೂ ಸಿಕ್ಕಿದ್ದರೆ ಅದು ಹತ್ತು ವರ್ಷದ ಕಾರ್ಡ್. ಅದಕ್ಕೆ ಈ ಷರತ್ತೂ ಇಲ್ಲ, ಐ-751 ಕೂಡ ಇಲ್ಲ.

ಪ್ರಶ್ನೆ (ತೀರ್ಥಹಳ್ಳಿಯ ತಾಯಿ): ನಾವು ಇಲ್ಲಿಂದ ಏನಾದರೂ ಮಾಡಬಹುದಾ ಮೇಡಂ?

ಉತ್ತರ: ಖಂಡಿತ ಮಾಡಬಹುದು. ಇಡೀ ಕೇಸ್ ನಿಲ್ಲುವುದೇ ಮದುವೆ ನಿಜವಾದದ್ದು ಅನ್ನೋದರ ಮೇಲೆ. ಲಗ್ನಪತ್ರಿಕೆ, ಛತ್ರದ ರಸೀತಿ, ಎರಡೂ ಮನೆಯವರಿರುವ ಫೋಟೋ, ಸಬ್ ರಿಜಿಸ್ಟ್ರಾರ್ ಆಫೀಸಿನ ಮದುವೆ ಪ್ರಮಾಣಪತ್ರ ಎಲ್ಲ ತೆಗೆದಿಡಿ. ಅಳಿಯ ದೀಪಾವಳಿಗೆ ಬಂದಿದ್ದರೆ ಆ ಫೋಟೋನೂ ಬೇಕು. ನೀವು, ನಿಮ್ಮ ಯಜಮಾನರು, ಮದುವೆ ಮಾತುಕತೆಗೆ ಕೂತ ಹಿರಿಯರು ಕಂಡದ್ದನ್ನು ಕಂಡ ಹಾಗೆ ಅಫಿಡವಿಟ್ ಬರೆದುಕೊಡಿ. ಒಂದೇ ಒಕ್ಕಣೆಯನ್ನು ಎಲ್ಲರೂ ನಕಲು ಮಾಡಬೇಡಿ, ಅಂಥದ್ದಕ್ಕೆ ಬೆಲೆ ಇಲ್ಲ. ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದಕರು ಬರೆದು ಸಹಿ ಹಾಕಬೇಕು.

ಆದರೆ ಅಧಿಕಾರಿಗಳು ಜಾಸ್ತಿ ನೋಡುವುದು ಮದುವೆ ಆದ ಮೇಲಿನ ಸಂಸಾರವನ್ನು. ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಜೊತೆಗೆ ಸಲ್ಲಿಸಿದ ಟ್ಯಾಕ್ಸ್ ರಿಟರ್ನ್, ಇನ್ಶೂರೆನ್ಸ್. ಜಂಟಿ ಖಾತೆಗೆ ಅವಳ ಪಾಸ್‌ವರ್ಡ್ ನಡೆಯುವಾಗಲೇ ಇವನ್ನು ಡೌನ್‌ಲೋಡ್ ಮಾಡಿಕೊಳ್ಳಲಿ. ಹೊಸ ಮನೆಗೆ ಹೋದ 10 ದಿನದೊಳಗೆ ವಿಳಾಸ ಬದಲಾಗಿದೆ ಅಂತ ಇಲಾಖೆಗೆ ತಿಳಿಸಲೇಬೇಕು. ಅದನ್ನು ಇನ್ನೂ ಮಾಡಿಲ್ಲ ಅಂದರೆ ಇವತ್ತೇ ಮಾಡಲಿ, ಇಲ್ಲದಿದ್ದರೆ ಇಲಾಖೆಯ ಪತ್ರ ಎಲ್ಲ ಗಂಡನ ಮನೆ ಬಾಗಿಲಿಗೇ ಹೋಗುತ್ತದೆ.