ಮುಂದೆ ದಾರಿಯಿಲ್ಲದ ಅಡ್ಡರಸ್ತೆಯನ್ನು ನಕ್ಷೆಯಲ್ಲಿ ಗುರುತಿಸುವುದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬನಶಂಕರಿಯಲ್ಲಿರುವ ನಮ್ಮ ಬಡಾವಣೆಯ ರಸ್ತೆಗಳನ್ನು, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಿದ್ದುತ್ತಿದ್ದೇನೆ. ಒಂದು ಅಡ್ಡರಸ್ತೆ ರಾಜಕಾಲುವೆಯ ತಡೆಗೋಡೆಗೆ ಬಂದು ನಿಲ್ಲುತ್ತದೆ. ಆಚೆ ದಡದ ರಸ್ತೆ ಉಪಗ್ರಹ ಚಿತ್ರದಲ್ಲಿ ಇದರದೇ ಮುಂದುವರಿಕೆಯಂತೆ ಕಾಣುವುದರಿಂದ ಯಾರೋ ಎರಡನ್ನೂ ಜೋಡಿಸಿಬಿಟ್ಟಿದ್ದರು. ಕಳೆದ ವಾರ ಆಂಬುಲೆನ್ಸೊಂದು ಗೋಡೆಯವರೆಗೂ ಬಂದು, ತಿರುಗಿಸಲು ಜಾಗವಿಲ್ಲದೆ, ಅಷ್ಟು ದೂರವೂ ರಿವರ್ಸ್‌ನಲ್ಲೇ ಹೋಗಬೇಕಾಯಿತು. ಈಗ ಜೋಡಣೆಯನ್ನು ತೆಗೆದಿದ್ದೇನೆ. ಇಡೀ ರಸ್ತೆಗೆ ‘ನೋಎಕ್ಸಿಟ್’ (ಮುಂದೆ ದಾರಿಯಿಲ್ಲ) ಎಂಬ ಗುರುತು, ಅಂದರೆ ಟ್ಯಾಗ್, ಹಾಕಬೇಕೇ?

ಉತ್ತರ 1:
ಇಡೀ ರಸ್ತೆಗೆ ಬೇಡ; ರಸ್ತೆ ಮುಗಿಯುವ ಕೊನೆಯ ಬಿಂದುವಿಗೆ, ಅಂದರೆ ನೋಡ್‌ಗೆ ಮಾತ್ರ ‘ನೋಎಕ್ಸಿಟ್=ಯೆಸ್’ ಎಂದು ಹಾಕಿ. ದಾರಿ ಹುಡುಕುವ ತಂತ್ರಾಂಶಗಳು ಸಾಮಾನ್ಯವಾಗಿ ಈ ಟ್ಯಾಗನ್ನು ಗಮನಿಸುವುದಿಲ್ಲ, ಎರಡು ರಸ್ತೆಗಳು ಒಂದೇ ನೋಡ್‌ನಲ್ಲಿ ಕೂಡುತ್ತವೆಯೇ ಎಂಬುದನ್ನು ನೋಡುತ್ತವೆ. ಆದ್ದರಿಂದ ನೀವು ಜೋಡಣೆ ಬಿಡಿಸಿದ್ದೇ ನಿಜವಾದ ಪರಿಹಾರ. ಮುಂದೆ ತಿದ್ದುವವರು ಇದನ್ನು ಬಿಟ್ಟುಹೋದ ಜೋಡಣೆಯೆಂದು ಭಾವಿಸಿ ಮತ್ತೆ ಸೇರಿಸದಿರಲೆಂದು ಟ್ಯಾಗ್ ಬೇಕು. ಗೋಡೆಯನ್ನೂ ‘ಬ್ಯಾರಿಯರ್=ವಾಲ್’ ಎಂದು ಗುರುತಿಸಿ.

ಉತ್ತರ 2:
ಅದಕ್ಕೂ ಮೊದಲು ದಯವಿಟ್ಟು ಸ್ಥಳಕ್ಕೆ ಹೋಗಿ ನೋಡಿ. ನಮ್ಮ ಕಡೆ ಇಂಥದ್ದೇ ಗೋಡೆಯ ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಸಂದಿಯೂ, ಕಾಲುವೆಗೆ ಅಡ್ಡಲಾಗಿ ಚಪ್ಪಡಿಕಲ್ಲೂ ಇದ್ದವು. ಶಾಲೆಯ ಮಕ್ಕಳು ದಿನವೂ ಅಲ್ಲೇ ದಾಟುತ್ತಿದ್ದರು. ನಡೆದು ಹೋಗಲು ದಾರಿಯಿದ್ದರೆ ಈ ಟ್ಯಾಗ್ ತಪ್ಪಾಗುತ್ತದೆ; ಆಗ ಅಷ್ಟು ಭಾಗವನ್ನು ‘ಹೈವೇ=ಫುಟ್‌ವೇ’ (ಕಾಲುದಾರಿ) ಎಂದು ಎಳೆದು ಜೋಡಿಸಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಹೋಗಿ ನೋಡಿದೆ. ಗೋಡೆ ಎದೆಮಟ್ಟಕ್ಕಿದೆ, ಎಲ್ಲಿಯೂ ಸಂದಿಯಿಲ್ಲ. ಕೊನೆಯ ನೋಡ್‌ಗೆ ಟ್ಯಾಗ್ ಹಾಕಿ, ಗೋಡೆಯನ್ನೂ ಸೇರಿಸಿದ್ದೇನೆ.