ಕ್ಷಾರ, ಕಾರ, ಖಾರ: ಗಡ್ಡದ ಸಾಬೂನಿಗೆ ಪದ ಬೇಕಾಗಿದೆ

ಬಲ್ಲವರಲ್ಲಿ ಒಂದು ಕೇಳಿಕೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕುಟುಂಬಶ್ರೀ ಘಟಕದವರು, ಅಂದರೆ ಕೇರಳ ಸರಕಾರದ ಯೋಜನೆಯ ಮಹಿಳಾ ಸ್ವಸಹಾಯ ಗುಂಪಿನವರು, ತೆಂಗಿನೆಣ್ಣೆಯಿಂದ ಮೀಯುವ ಸಾಬೂನು ಮಾಡಿ ಮಾರುತ್ತಾರೆ. ಈಗ ಗಡ್ಡ ತೆಗೆಯುವಾಗ ಹಚ್ಚಿಕೊಳ್ಳುವ ಸಾಬೂನನ್ನೂ ಮಾಡಬೇಕೆಂದು ಹೊರಟಿದ್ದಾರೆ. ವಿಧಾನ ಸಿಕ್ಕಿರುವುದು ಇಂಗ್ಲಿಷಿನಲ್ಲಿ, ಅಂಗಡಿಯವನ ಚೀಟಿ ಮಲಯಾಳದಲ್ಲಿ, ಕೆಲಸ ಮಾಡುವ ಹೆಂಗಸರು ಓದುವುದು ಕನ್ನಡವನ್ನು. ಎಲ್ಲವನ್ನೂ ಒಂದು ಕನ್ನಡ ಕೈಪಿಡಿಯಾಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೇರೆಲ್ಲ ಹೇಗೋ ಸಾಗುತ್ತದೆ, ಎಣ್ಣೆಯನ್ನು ಸಾಬೂನಾಗಿಸುವ ತೀಕ್ಷ್ಣ ಕ್ಷಾರಕ್ಕೆ ಇಂಗ್ಲಿಷಿನಲ್ಲಿರುವ ‘ಲೈ’ ಎಂಬ ಪುಟ್ಟ ಪದ ಮಾತ್ರ ದಾರಿಗೆ ಅಡ್ಡ ನಿಂತಿದೆ.

ಮೀಯುವ ಸಾಬೂನಿಗೆ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಒಂದೇ ಸಾಕು. ಗಡ್ಡದ ಸಾಬೂನಿಗೆ ಅದು ಸಾಲದು. ಸೋಡಿಯಂ ಕ್ಷಾರದಿಂದಾದ ಸಾಬೂನು ಗಟ್ಟಿ, ನಿಧಾನವಾಗಿ ಕರಗುವಂಥದ್ದು. ಪೊಟ್ಯಾಸಿಯಂ ಕ್ಷಾರದಿಂದಾದದ್ದು ಮೆತ್ತಗೆ, ಒದ್ದೆ ಬ್ರಷ್ ತಿರುಗಿಸಿದರೆ ಬೇಗ ಕರಗುತ್ತದೆ. ಹಾಗಾಗಿ ಎರಡನ್ನೂ ಸೇರಿಸುವುದು ವಾಡಿಕೆ, ಹೆಚ್ಚಿನ ಪಾಲು ಸಾಮಾನ್ಯವಾಗಿ ಪೊಟ್ಯಾಸಿಯಂನದು. ಇಂಗ್ಲಿಷಿನವರು ಎರಡನ್ನೂ ‘ಲೈ’ ಎಂದು ಕರೆದು ಪಕ್ಕದಲ್ಲಿ ಸೂತ್ರ ಬರೆದು ಪಾರಾಗುತ್ತಾರೆ. ನಾವೂ ಎರಡಕ್ಕೂ ‘ಕ್ಷಾರ’ ಎಂದೇ ಬರೆದೆವೆನ್ನಿ. 100 ಗ್ರಾಂ ತೆಂಗಿನೆಣ್ಣೆ ಸಾಬೂನಾಗಲು ಕಾಸ್ಟಿಕ್ ಸೋಡಾ ಆದರೆ ಸುಮಾರು 18 ಗ್ರಾಂ ಬೇಕು, ಶುದ್ಧ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಆದರೆ ಸುಮಾರು 26 ಗ್ರಾಂ. ಪೊಟ್ಯಾಸಿಯಂನ ತೂಕವನ್ನು ಓದಿ ಸೋಡಾ ಸುರಿದರೆ ಮಿಕ್ಕ ಕ್ಷಾರವೆಲ್ಲ ಸಾಬೂನಿನಲ್ಲೇ ಉಳಿದು, ಆಗಷ್ಟೇ ಬ್ಲೇಡು ಆಡಿದ ಕೆನ್ನೆಯನ್ನು ಸುಡುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಹೆಸರು ಬೇಕು, ಅದೂ ಓದಿದ ಕೂಡಲೇ ಬೇರೆಯೆಂದು ತಿಳಿಯುವಂತಿರಬೇಕು.

‘ಸೋಡಾ’ ಮತ್ತು ‘ಪೊಟ್ಯಾಷ್’ ಎಂದರೆ ಮುಗಿಯಿತಲ್ಲ ಎಂದು ಬೆಂಗಳೂರಿನ ಮಿತ್ರರು ಹೇಳಬಹುದು. ನಮ್ಮಲ್ಲಿ ಮುಗಿಯುವುದಿಲ್ಲ. ಅಡುಗೆಮನೆಯಲ್ಲಿ ಸೋಡಾ ಎಂದರೆ ದೋಸೆಗೆ ಚಿಟಿಕೆ ಹಾಕುವ ಪುಡಿ, ಬಟ್ಟೆ ಒಗೆಯುವಲ್ಲಿ ಇನ್ನೊಂದು. ಮಲಯಾಳದಲ್ಲಿ ಮೊದಲನೆಯದು ಅಪ್ಪಕ್ಕಾರಂ, ಎರಡನೆಯದು ಅಲಕ್ಕುಕಾರಂ. ಎಷ್ಟು ಅಚ್ಚುಕಟ್ಟು! ಎರಡರಲ್ಲೂ ಇರುವ ‘ಕಾರ’ ನಮ್ಮ ಕ್ಷಾರದ ತದ್ಭವವೇ. ಕನ್ನಡದಲ್ಲಿ ಅದೇ ಕ್ಷಾರ ‘ಖಾರ’ವಾಗಿ ಮೆಣಸಿನ ಪಾಲಾಯಿತು. ‘ಕಾರದ ನೀರು’ ಎಂದು ಬರೆದರೆ ನಮ್ಮವರು ಮೆಣಸು ಕದಡಿದ ನೀರೆಂದು ತಿಳಿದಾರು. ಇನ್ನು ಪೊಟ್ಯಾಷ್. ಕಾಸರಗೋಡಿನ ಯಾವ ಅಡಿಕೆ ತೋಟದವರನ್ನು ಕೇಳಿದರೂ ಅದು ಗೊಬ್ಬರದ ಮೂಟೆ, ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದನ್ನು ಎಣ್ಣೆಗೆ ಹಾಕಿ ದಿನವಿಡೀ ಕುದಿಸಿದರೂ ಸಾಬೂನು ಹುಟ್ಟುವುದಿಲ್ಲ.

ಹಳೆಯ ಕಣಜದಲ್ಲಿ ಪದ ಇಲ್ಲದಿಲ್ಲ. ಆಯುರ್ವೇದದಲ್ಲಿ ‘ಕ್ಷಾರದ್ವಯ’ ಎಂಬ ಜೋಡಿಯೇ ಇದೆ: ಯವಕ್ಷಾರ ಮತ್ತು ಸರ್ಜಿಕಾಕ್ಷಾರ. ಜವೆಗಿಡವನ್ನು ಸುಟ್ಟ ಬೂದಿಯಿಂದ ತೆಗೆದ ಯವಕ್ಷಾರದಲ್ಲಿ ಮುಖ್ಯವಾಗಿ ಇರುವುದು ಪೊಟ್ಯಾಸಿಯಂ, ಸಜ್ಜೀಖಾರವೆಂದೂ ಕರೆಯುವ ಇನ್ನೊಂದರಲ್ಲಿ ಸೋಡಿಯಂ. ಗಡ್ಡದ ಸಾಬೂನಿಗೆ ಬೇಕಾದ ಭೇದವನ್ನು ನಮ್ಮ ಹಿಂದಿನವರು ಸೂತ್ರ ಗೊತ್ತಿಲ್ಲದೆಯೇ ಹಿಡಿದಿದ್ದರು ಎಂಬುದು ನನಗೆ ಬಹಳ ಮೆಚ್ಚಿಗೆಯ ಸಂಗತಿ. ಆದರೂ ಈ ಪದಗಳು ಕೈಪಿಡಿಗೆ ಒದಗಲಾರವು. ಅವು ಕಾರ್ಬೋನೇಟುಗಳು, ನಮಗೆ ಬೇಕಾದದ್ದು ಹೈಡ್ರಾಕ್ಸೈಡು. ಅದಕ್ಕಿಂತ ಹೆಚ್ಚಾಗಿ, ಯವಕ್ಷಾರ ಕೊಡಿ ಎಂದರೆ ರಾಸಾಯನಿಕದ ಅಂಗಡಿಯವನು ಮದ್ದಿನ ಅಂಗಡಿಯತ್ತ ಕೈ ತೋರಿಸುತ್ತಾನೆ.

ನನಗೆ ಹೊಳೆದದ್ದು ‘ಸುಡುಸೋಡಾ’ ಮತ್ತು ‘ಸುಡುಪೊಟ್ಯಾಷ್’. ಸುಡುಬಿಸಿಲು, ಸುಡುನೀರು ಇರುವಾಗ ಇವು ಕಿವಿಗೆ ಅಷ್ಟೇನೂ ಹೊಸತಲ್ಲ. ‘ಕಾಸ್ಟಿಕ್’ ಎಂಬುದರ ಅರ್ಥವೂ ಸುಡುವುದೇ. ಎಚ್ಚರಿಕೆ ಹೆಸರಿನಲ್ಲೇ ಬಂದುಬಿಡುತ್ತದೆ ಎಂಬುದು ಇದರ ದೊಡ್ಡ ಗುಣ. ಮೊದಲ ಸಲ ಬಳಸುವಾಗ ಕಾಸ್ಟಿಕ್ ಸೋಡಾ, ಕಾಸ್ಟಿಕ್ ಪೊಟ್ಯಾಷ್ ಎಂಬ ಅಂಗಡಿಯ ಹೆಸರನ್ನೂ ಜೊತೆಗೆ ಕೊಟ್ಟರೆ ಕೊಳ್ಳುವವರಿಗೂ ತೊಂದರೆಯಿಲ್ಲ. ನೀರಿನಲ್ಲಿ ಕರಗಿಸಿದ ಮೇಲೆ ‘ಕ್ಷಾರನೀರು’ ಎನ್ನಬಹುದು, ಅಷ್ಟು ಹೊತ್ತಿಗೆ ತೂಕದ ಗೊಂದಲ ಕಳೆದಿರುತ್ತದೆ. ‘ಕ್ಷಾರವನ್ನು ನೀರಿಗೆ ಹಾಕಿ, ನೀರನ್ನು ಕ್ಷಾರಕ್ಕೆ ಸುರಿಯಬೇಡಿ’ ಎಂಬ ವಾಕ್ಯವನ್ನಂತೂ ಯಾರೂ ತಿದ್ದಬೇಡಿ. ಕ್ರಮ ತಿರುವುಮುರುವಾದರೆ ಕುದಿದು ಮುಖಕ್ಕೆ ಸಿಡಿಯುತ್ತದೆ, ವಿಭಕ್ತಿ ಪ್ರತ್ಯಯ ಕಣ್ಣು ಕಾಯುವ ಅಪರೂಪದ ಜಾಗ ಇದು.

ಎರಡನೆಯ ಕೇಳಿಕೆ ನೊರೆಯದು. ತೆಂಗಿನೆಣ್ಣೆಯ ಸಾಬೂನು ತಟ್ಟನೆ ದೊಡ್ಡ ದೊಡ್ಡ ಗುಳ್ಳೆ ಎಬ್ಬಿಸುತ್ತದೆ, ಅಷ್ಟೇ ಬೇಗ ಅವು ಒಡೆಯುತ್ತವೆ. ಗಡ್ಡಕ್ಕೆ ಬೇಕಾದದ್ದು ಕಣ್ಣಿಗೆ ಗುಳ್ಳೆಯೇ ಕಾಣದಷ್ಟು ಸಣ್ಣದಾದ, ದಟ್ಟವಾದ, ಕೆನ್ನೆಯ ಮೇಲೆ ನಿಲ್ಲುವಂಥದ್ದು. ಸ್ಟಿಯರಿಕ್ ಆಮ್ಲ ಎಂಬ ಗಟ್ಟಿ ಕೊಬ್ಬಿನಾಮ್ಲವನ್ನು ಹಾಕುವುದು ಅದಕ್ಕಾಗಿಯೇ, ಹಲವು ವಿಧಾನಗಳಲ್ಲಿ ಜಿಡ್ಡಿನ ಅರ್ಧದಷ್ಟು ಅದೇ ಇರುತ್ತದೆ. ಮೊದಲನೆಯದನ್ನು ‘ಬುರುಗು’, ಎರಡನೆಯದನ್ನು ‘ನೊರೆ’ ಎಂದು ಬೇರ್ಪಡಿಸಬಹುದೇ? ಕರೆದ ಕೂಡಲೇ ಚೊಂಬಿನಲ್ಲಿ ಕಾಣುವುದನ್ನು ನೊರೆಹಾಲು ಎನ್ನುತ್ತೇವೆ, ಬುರುಗುಹಾಲು ಎಂದು ನಾನು ಕೇಳಿದ್ದಿಲ್ಲ. ನಿಮ್ಮ ಊರುಗಳಲ್ಲಿ ಈ ಎರಡು ಪದಗಳು ಅದಲುಬದಲಾಗಿ ಬಳಕೆಯಾಗುತ್ತವೆಯೇ ಎಂದು ತಿಳಿಸಿ.

ಸ್ಟಿಯರಿಕ್ ಆಮ್ಲಕ್ಕೂ ಒಂದು ಹೆಸರು ಹುಡುಕುತ್ತಿದ್ದೇನೆ. ಆಮ್ಲ ಎಂದೊಡನೆ ಹೆಂಗಸರು ಹಿಂದೆ ಸರಿಯುತ್ತಾರೆ, ವಸ್ತುವೋ ಬಿಳಿಯ ಮೇಣದ ಚೂರಿನಂತಿರುತ್ತದೆ. ಹಾಗೆಂದು ‘ಮೇಣ’ ಎಂದು ಬರೆಯಲು ಧೈರ್ಯವಿಲ್ಲ. ಮೊಂಬತ್ತಿಯ ಸಾಮಾನು ಮಾರುವಲ್ಲಿ ಸ್ಟಿಯರಿಕ್ಕಿನ ಪಕ್ಕದಲ್ಲೇ ಪ್ಯಾರಾಫಿನ್ ಇರುತ್ತದೆ, ಅದು ಯಾವ ಕ್ಷಾರಕ್ಕೂ ಸಾಬೂನಾಗದ ಪದಾರ್ಥ. ‘ಸ್ಟಿಯರಿಕ್ ಚೂರು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಅದು ಕರಗಲು ಸುಮಾರು 70 ಡಿಗ್ರಿ ಶಾಖ ಬೇಕು, ಕ್ಷಾರನೀರು ಬಿದ್ದ ಕೂಡಲೇ ಮುದ್ದೆಯಾಗುತ್ತದೆ. ಆದ್ದರಿಂದ ಒಲೆಯ ಮೇಲಿಟ್ಟೇ ಮಾಡಬೇಕು. ಕಲಕು, ತಿರುವು ಎಂಬ ಪದಗಳಿಗಿಂತ ಇಲ್ಲಿ ನಮ್ಮ ‘ಮಗುಚು’ ಸರಿ. ಹಲ್ವ ಮಗುಚಿದವರಿಗೆ ಆ ಹದ ವಿವರಿಸಬೇಕಾಗಿಲ್ಲ, ಪಾತ್ರೆ ಮಾತ್ರ ಅಲ್ಯೂಮಿನಿಯಂನದಾಗಬಾರದು.

ಸಾಬೂನಿನ ಹೆಸರಿನ ಬಗ್ಗೆ ಚರ್ಚೆ ಬೆಳೆಸುವುದು ಬೇಡ. ‘ಕ್ಷೌರ’ದಲ್ಲಿ ತಲೆಯೂ ಸೇರುತ್ತದೆ, ‘ಬೋಳಿಸು’ವಿನಲ್ಲಿ ಬೈಗುಳದ ವಾಸನೆಯಿದೆ. ‘ಗಡ್ಡದ ಸಾಬೂನು’ ಎಂದೇ ಚೀಟಿ ಅಚ್ಚಾಗುತ್ತದೆ.

ಕೊನೆಯದೊಂದು. ಸ್ಟಿಯರಿಕ್ ಚೂರಿನ ಸ್ವಲ್ಪ ಭಾಗಕ್ಕೆ ಬದಲಾಗಿ ಪುನರ್ಪುಳಿ ಬೀಜದ ಜಿಡ್ಡನ್ನು ಬಳಸಬಹುದು, ಅದರ ಕೊಬ್ಬಿನಾಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್. ಉತ್ತರ ಕನ್ನಡದವರು ಅದನ್ನು ಮುರುಗಲ ತುಪ್ಪ ಎನ್ನುತ್ತಾರೆ. ಗಟ್ಟಿಯಾಗುವ ಜಿಡ್ಡಿಗೆ ತುಪ್ಪ, ನೀರಾಗಿಯೇ ಇರುವುದಕ್ಕೆ ಎಣ್ಣೆ ಎಂಬ ಈ ವಿಂಗಡಣೆ ನನಗೆ ಇಷ್ಟ. ಕುಂಬಳೆ, ಮಂಜೇಶ್ವರ, ಪುತ್ತೂರಿನ ಕಡೆ ‘ಪುನರ್ಪುಳಿ ತುಪ್ಪ’ ಎಂಬ ಮಾತನ್ನು ಯಾರಾದರೂ ಕೇಳಿದ್ದೀರಾ? ಧೂಪದ ಕಾಯಿಯ ಜಿಡ್ಡಿಗೂ ತುಪ್ಪವೆನ್ನುವುದುಂಟೇ, ಎಣ್ಣೆಯೆಂದೇ ಬಳಕೆಯೇ? ಹಿರಿಯರ ಬಾಯಲ್ಲಿ ಕೇಳಿದ್ದನ್ನು ಊರಿನ ಹೆಸರಿನೊಂದಿಗೆ ಬರೆದರೆ ಉಪಕಾರ.